ವರ್ಣಿಸೋಕಾಗದ ಬಣ್ಣಾನ ಬಿಡಿಸೋದು ಹೇಗೆ: ಹಳೇ ವಿಯರ್ಡ್ ಹಾರರ್ ಕಥೆಗಳನ್ನ ಕಾಮಿಕ್ಸ್ ಮಾಡೋಕೆ ಹೊರಟೋರಿಗೆ

ಎಚ್.ಪಿ. ಲವ್‌ಕ್ರಾಫ್ಟ್ ಅನ್ನೋ ಅಮೆರಿಕದ ಹಾರರ್ ಲೇಖಕನ ಕಥೆ ಓದಿ ಇದನ್ನ ಕಾಮಿಕ್ಸ್ ಮಾಡ್ಲೇಬೇಕು ಅಂತ ಪೆನ್ಸಿಲ್ ಹಿಡಿದೋರೆಲ್ಲ ಮೊದಲನೇ ದಿನಾನೇ ಒಂದು ಕಡೆ ಸಿಕ್ಕಾಕೋತಾರೆ. ಆತ "ಅದನ್ನ ಮಾತಲ್ಲಿ ಹೇಳೋಕಾಗಲ್ಲ" ಅಂತ ಒಂದು ಸಾಲು ಹಾಕಿ ಮುಂದೆ ಹೋಗ್ಬಿಡ್ತಾನೆ, ಮಿಕ್ಕಿದ್ದನ್ನ ಓದೋರ ತಲೆ ಮಾಡ್ಕೊಳತ್ತೆ, ಆದ್ರೆ ನಮಗೆ ಪ್ಯಾನಲ್ (ಪುಟದಲ್ಲಿರೋ ಒಂದೊಂದು ಚೌಕ) ಒಳಗೆ ಏನಾದ್ರೂ ಬಿಡಿಸ್ಲೇಬೇಕಲ್ಲ, ಬಿಡಿಸಿದ ತಕ್ಷಣ ಅದು ಬಳ್ಳಿ ಥರ ಕೈಗಳಿರೋ ಒಂದು ಗೊಂಬೆ ಆಗ್ಬಿಡತ್ತೆ, ಅಲ್ಲಿಗೆ ಭಯ ಮುಗೀತು.

ನಾನು ಕೆಲವು ವರ್ಷದಿಂದ ಈ ಕೆಲಸ ಮಾಡ್ತಾ ಕಲಿತಿರೋದು ಇಷ್ಟು: ಈ ಥರದ ಕಥೇಲಿ ಏನು ತೋರಿಸ್ಬೇಕು ಅನ್ನೋದಕ್ಕಿಂತ ಮೊದಲು ಏನು ತೋರಿಸಬಾರದು ಅಂತ ತೀರ್ಮಾನ ಮಾಡ್ಬೇಕು, ಆ ತೋರಿಸದೇ ಇರೋದರ ಸುತ್ತ ಪುಟ ಕಟ್ಟಬೇಕು. ಸುಮ್ನೆ ಹೇಳಿದ್ರೆ ಅರ್ಥ ಆಗಲ್ಲ, ಅದಕ್ಕೆ ಒಂದೇ ಕಥೆ ಇಟ್ಕೊಂಡು ಹೋಗ್ತೀನಿ, ಲವ್‌ಕ್ರಾಫ್ಟ್‌ನ 'ದ ಕಲರ್ ಔಟ್ ಆಫ್ ಸ್ಪೇಸ್'. 1927ರ ಸೆಪ್ಟೆಂಬರಲ್ಲಿ ಅಮೇಝಿಂಗ್ ಸ್ಟೋರೀಸ್ ಪತ್ರಿಕೇಲಿ ಬಂದಿದ್ದು. ಓದಿಲ್ಲದೇ ಇರೋರಿಗೆ ಕಥೆ ಇಷ್ಟೇ: 1882ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಹಳ್ಳೀಲಿ ನೇಹಮ್ ಗಾರ್ಡ್ನರ್ ಅನ್ನೋ ರೈತನ ಬಾವಿ ಪಕ್ಕ ಒಂದು ಉಲ್ಕೆ ಬೀಳತ್ತೆ. ಯೂನಿವರ್ಸಿಟಿಯೋರು ಬಂದು ಚೂರು ತಗೊಂಡು ಹೋಗ್ತಾರೆ, ಅದು ಕುಗ್ತಾ ಕುಗ್ತಾ ಮಾಯ ಆಗತ್ತೆ, ಅದರೊಳಗೆ ಯಾರೂ ನೋಡಿರದ ಒಂದು ಬಣ್ಣ ಇತ್ತು. ಆಮೇಲೆ ತೋಟದಲ್ಲಿ ಹಣ್ಣು ದಪ್ಪ ದಪ್ಪ ಮಿರಮಿರ ಅಂತ ಬಿಡತ್ತೆ, ಬಾಯಿಗಿಟ್ರೆ ಕಹಿ. ಗಾಳಿ ಇಲ್ದೇ ಮರ ಅಲ್ಲಾಡತ್ತೆ. ದನ, ಹೆಂಡತಿ, ಮಕ್ಕಳು ಒಬ್ಬೊಬ್ಬರೇ ಬೂದಿ ಬಣ್ಣಕ್ಕೆ ತಿರುಗಿ ಪುಡಿ ಆಗ್ತಾರೆ. ಕಥೇಲಿ ರಾಕ್ಷಸ ಇಲ್ಲ, ಶಾಪ ಇಲ್ಲ, ಇರೋದು ಒಂದು ಬಣ್ಣ, ಅದನ್ನ ಬಣ್ಣ ಅಂತ ಕರೆಯೋದೂ ಬೇರೆ ಪದ ಇಲ್ಲ ಅಂತ ಅಷ್ಟೇ.

ಕಥೆ ಆರಿಸೋಕೆ ಮುಂಚೆ ಹಕ್ಕಿನ ವಿಷಯ ಒಂದ್ಸಲ ನೋಡ್ಕೊಂಬಿಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕಾಪಿರೈಟ್ ಇರತ್ತೆ. ಲವ್‌ಕ್ರಾಫ್ಟ್ 1937ರಲ್ಲಿ ಹೋದ, ಇಂಥದೇ ಕಥೆ ಬರೆದ ಪೋ 1849ರಲ್ಲೇ, ಎಂ.ಆರ್. ಜೇಮ್ಸ್ 1936, ಡಬ್ಲ್ಯು.ಡಬ್ಲ್ಯು. ಜೇಕಬ್ಸ್ 1943, ಆಲ್ಜರ್ನನ್ ಬ್ಲ್ಯಾಕ್‌ವುಡ್ 1951, ಹಾಗಾಗಿ ಇವರ ಕಥೆ ಇಲ್ಲಿ ಯಾರು ಬೇಕಾದ್ರೂ ಬಳಸ್ಬೋದು. ಆದ್ರೆ ಲವ್‌ಕ್ರಾಫ್ಟ್ ಲೋಕಕ್ಕೆ ತನ್ನದೂ ಒಂದಷ್ಟು ಸೇರಿಸಿದ ಆಗಸ್ಟ್ ಡರ್ಲೆತ್ ಹೋಗಿದ್ದು 1971ರಲ್ಲಿ, ಆತ ಕಟ್ಟಿದ ದೇವರುಗಳು, ಆ ಒಳ್ಳೇದು ಕೆಟ್ಟದ್ದರ ಯುದ್ಧ, ಅದೆಲ್ಲ ಇನ್ನೂ ಹಕ್ಕಲ್ಲಿರೋದು, ಇಂಟರ್ನೆಟ್ಟಲ್ಲಿ ಎಲ್ಲ ಒಟ್ಟಿಗೆ ಕಲಸಿ ಹಾಕಿರ್ತಾರೆ, ಮೂಲ ಕಥೆ ಮಾತ್ರ ಇಟ್ಕೊಳಿ. ಅಮೆರಿಕದಲ್ಲಿ ಮಾರೋದಾದ್ರೆ ಲೆಕ್ಕ ಬೇರೆ, ಅಲ್ಲಿ ಆ ಕಾಲದ ಕಥೆಗಳಿಗೆ ಪ್ರಕಟವಾದ ವರ್ಷ ನೋಡ್ತಾರೆ. ಇನ್ನೊಂದು, ಯಾರೋ ಮಾಡಿರೋ ಕನ್ನಡ ಅನುವಾದದ ಸಾಲು ಎತ್ತಿ ಬಲೂನಿಗೆ (ಪಾತ್ರದ ಮಾತು ಬರೆಯೋ ಗುಳ್ಳೆ) ಹಾಕಬೇಡಿ, ಅದು ಅವರ ಶ್ರಮ, ನೀವೇ ಮೂಲದಿಂದ ಮಾಡ್ಕೊಳಿ.

ಮೊದಲನೇ ಸಲ ಮಾಡೋರು ದೊಡ್ಡ ಕಥೆಗೆ ಕೈ ಹಾಕ್ಬೇಡಿ ಅಂತ ಬೇಡ್ಕೋತೀನಿ. ಜೇಕಬ್ಸ್‌ನ 'ದ ಮಂಕೀಸ್ ಪಾ' ತಗೊಳಿ, 1902ರದ್ದು, ಇಂಡಿಯಾದಲ್ಲಿ ಸೇವೆ ಮಾಡಿ ಬಂದ ಸಾರ್ಜೆಂಟ್ ಮೇಜರ್ ಒಬ್ಬ ಫಕೀರನ ಮಂತ್ರ ಇರೋ, ಮೂರು ವರ ಕೊಡೋ ಒಣಗಿದ ಕೋತಿ ಕೈ ತಂದು ತೋರಿಸ್ತಾನೆ. ಆ ಕಥೆಯ ಕೊನೆ ನೋಡಿ. ಸತ್ತು ಹೂತು ಹಾಕಿರೋ ಮಗ ಬಾಗಿಲು ಬಡೀತಿದಾನೆ, ತಾಯಿ ಚಿಲಕ ತೆಗೆಯೋಕೆ ಒದ್ದಾಡ್ತಿದಾಳೆ, ತಂದೆ ಕತ್ತಲಲ್ಲಿ ನೆಲ ತಡಕಾಡಿ ಆ ಕೈ ಹುಡುಕಿ ಮೂರನೇ ವರ ಕೇಳ್ತಾನೆ, ಬಾಗಿಲು ತೆರೆದ್ರೆ ಬೀದಿ ದೀಪ, ಖಾಲಿ ರಸ್ತೆ. ಬಾಗಿಲ ಆಚೆ ಏನಿತ್ತು ಅಂತ ಕಥೆ ಎಲ್ಲೂ ತೋರಿಸಲ್ಲ. ಇದನ್ನ ನಾಲ್ಕು ಪುಟದಲ್ಲಿ ಬಿಡಿಸಿ ನೋಡಿ, ಮಗನ್ನ ಒಂದು ಪ್ಯಾನಲ್‌ನಲ್ಲೂ ಬಿಡಿಸದೇ. ಬಾಗಿಲಿನ ಮರದ ಗೆರೆ, ಮೇಲುಗಡೆ ಚಿಲಕ, ಮುದುಕಿ ಎಳೆದು ತರೋ ಕುರ್ಚಿ, ಅಷ್ಟೇ ಇಟ್ಕೊಂಡು. ಈ ಎಕ್ಸರ್‌ಸೈಸ್ ಕಲಿಸೋಷ್ಟು ಯಾವ ಟ್ಯುಟೋರಿಯಲ್ಲೂ ಕಲಿಸಲ್ಲ.

ಈಗ ಬಣ್ಣದ ಕಥೆಗೆ ಬರೋಣ. ಕಥೇನ ಪ್ರಿಂಟ್ ತಗೊಂಡು ಎರಡು ಪೆನ್ಸಿಲ್ ಇಟ್ಕೊಂಡು ಓದಿ, ಕಣ್ಣಿಗೆ ಕಾಣೋದಕ್ಕೆಲ್ಲ ಒಂದು ಬಣ್ಣ, ಬರೀ ಅನಿಸೋದಕ್ಕೆ ಇನ್ನೊಂದು ಬಣ್ಣ. ಓದಿ ಮುಗಿಸಿದಾಗ ಆಶ್ಚರ್ಯ ಆಗತ್ತೆ, ಲವ್‌ಕ್ರಾಫ್ಟ್ ಅಂದ್ರೆ ಬರೀ ವಿಶೇಷಣ ಅಂತ ಅನ್ಕೊಂಡಿರ್ತೀವಿ, ಆದ್ರೆ ಈ ಕಥೆ ತುಂಬ ಕಣ್ಣಿಗೆ ಕಾಣೋ ವಸ್ತುಗಳೇ ಇರೋದು, ಬಾವಿ, ಬಕೆಟ್ಟು, ಕುದುರೆ ಗಾಡಿ, ಬೂದಿ ಆದ ತರಕಾರಿ. ಕಾಣೋದು ಚಿತ್ರಕ್ಕೆ ಹೋಗತ್ತೆ. ಅನಿಸೋದರಲ್ಲಿ ಮುಕ್ಕಾಲು ಭಾಗ ಬಿಸಾಕಿ, ಧೈರ್ಯವಾಗಿ ಬಿಸಾಕಿ, ಆ ಅನಿಸಿಕೆ ಹುಟ್ಟಿಸೋದು ಚಿತ್ರದ ಕೆಲಸ. "ಭೀಕರ", "ಘೋರ", "ಅವರ್ಣನೀಯ" ಅಂತ ಕ್ಯಾಪ್ಶನ್ ಮೇಲೆ ಕ್ಯಾಪ್ಶನ್ ಹಾಕಿದ್ರೆ ಓದೋರು ಚಿತ್ರ ನೋಡೋದೇ ನಿಲ್ಲಿಸ್ತಾರೆ. ನಾನು ಇಟ್ಕೊಂಡಿರೋ ಲೆಕ್ಕ ಅಂದ್ರೆ ಒಂದು ಬಲೂನಲ್ಲಿ ಹನ್ನೆರಡು ಹದಿಮೂರು ಕನ್ನಡ ಪದ, ಪುಟಕ್ಕೆ ಅರವತ್ತು, ದಾಟಿದ್ರೆ ಕತ್ತರಿ.

ಇಲ್ಲೊಂದು ತೊಡಕಿದೆ. ಕಥೆ ಹೇಳೋನು ಗಾರ್ಡ್ನರ್ ಅಲ್ಲ, ಆ ಜಾಗದಲ್ಲಿ ಜಲಾಶಯ ಕಟ್ಟೋಕೆ ಸರ್ವೇ ಮಾಡೋಕೆ ಬಂದ ಒಬ್ಬ, ಅವನಿಗೆ ಹೇಳೋನು ಆಮಿ ಪಿಯರ್ಸ್ ಅನ್ನೋ ಮುದುಕ, ನೇಹಮ್‌ನ ಹಳೇ ಸ್ನೇಹಿತ. ತುಂಬ ಜನ ಈ ಎರಡು ಪದರಾನ ಕಿತ್ತು ಹಾಕಿ ನೇರವಾಗಿ ಉಲ್ಕೆಯಿಂದ ಶುರು ಮಾಡ್ತಾರೆ, ನನಗೆ ಅದು ತಪ್ಪು ಅನ್ಸತ್ತೆ. ಮುದುಕ ಐವತ್ತು ವರ್ಷ ಆದ್ಮೇಲೂ ಆ ಕಡೆ ಮುಖ ಮಾಡಲ್ಲ ಅನ್ನೋದೇ ಭಯದ ಅರ್ಧ ಪಾಲು. ಅವನ ಮುಖಾನ ಆಗಾಗ ಒಂದು ಚಿಕ್ಕ ಪ್ಯಾನಲ್‌ನಲ್ಲಿ ತನ್ನಿ, ಮಾತು ನಿಲ್ಲಿಸಿರೋ ಮುಖ, ಕೈಯಲ್ಲಿ ಏನೋ ಹಿಡ್ಕೊಂಡಿರೋದು. ಅವನು ಎಲ್ಲಿ ಹೇಳೋದು ನಿಲ್ಲಿಸ್ತಾನೋ ಅಲ್ಲಿ ನಾವೂ ತೋರಿಸೋದು ನಿಲ್ಲಿಸೋಕೆ ನ್ಯಾಯವಾದ ಕಾರಣ ಸಿಗತ್ತೆ.

ಪುಟ ತಿರುಗಿಸೋದು ಈ ಕಲೆಯ ಜೀವ. ಪುಸ್ತಕದಲ್ಲಿ ಬೆಸ ಸಂಖ್ಯೆ ಪುಟ ಬಲಗಡೆ ಇರತ್ತೆ, ಸರಿ ಸಂಖ್ಯೆ ಎಡಗಡೆ. ಓದೋರ ಕೈ ಬಲಪುಟದ ಕೆಳಗಿನ ಮೂಲೇಲಿ ಇರತ್ತೆ, ಹಾಗಾಗಿ ಅನುಮಾನ ಹುಟ್ಟಿಸೋದು ಬೆಸ ಪುಟದ ಕೊನೇ ಪ್ಯಾನಲ್, ಅದಕ್ಕೆ ಉತ್ತರ ಸರಿ ಪುಟದ ಮೊದಲನೇ ಪ್ಯಾನಲ್. ಉತ್ತರಾನ ಬಲಗಡೆ ಇಟ್ರೆ ಎಡಪುಟ ಓದ್ತಾ ಇರುವಾಗಲೇ ಕಣ್ಣಂಚಲ್ಲಿ ಕಂಡು ಹೋಗತ್ತೆ. ಬರೆಯೋಕೆ ಶುರು ಮಾಡೋ ಮುಂಚೆ ಎ4 ಹಾಳೆ ಮಡಚಿ ಬೆರಳುದ್ದದ ಒಂದು ಪುಟ್ಟ ಪುಸ್ತಕ ಹೊಲ್ಕೊಂಡು ಅದರಲ್ಲಿ ಕಡ್ಡಿ ಗೊಂಬೆ ಹಾಕಿ ತಿರುಗಿಸಿ ತಿರುಗಿಸಿ ನೋಡಿ. ಫೋನಲ್ಲಿ ಸ್ಕ್ರೋಲ್ ಮಾಡೋ ಥರ ಮಾಡ್ತಿದ್ರೆ ತಿರುಗಿಸೋ ಜಾಗದಲ್ಲಿ ಒಂದು ಸ್ಕ್ರೀನ್ ಪೂರ್ತಿ ಕಪ್ಪು ಖಾಲಿ ಬಿಡಿ, ಬೆರಳು ಅಷ್ಟು ದೂರ ಜಾರಬೇಕು.

ಒಂದು ಸೀನ್ ಪೂರ್ತಿ ಹೇಳ್ತೀನಿ. ಹುಚ್ಚು ಹಿಡಿದ ಹೆಂಡತಿ ನ್ಯಾಬಿನ ನೇಹಮ್ ಅಟ್ಟದಲ್ಲಿ ಕೂಡಿ ಹಾಕಿರ್ತಾನೆ, ಬಹಳ ದಿನ ಆದ್ಮೇಲೆ ಆಮಿ ಬರ್ತಾನೆ, ನೇಹಮ್ ತಲೆ ಕೆಟ್ಟು ಏನೇನೋ ಮಾತಾಡ್ತಿರ್ತಾನೆ, ಆಮಿ ಬಾಗಿಲ ಪಕ್ಕದ ಮೊಳೆಯಿಂದ ಕೀಲಿ ಗೊಂಚಲು ತಗೊಂಡು ಮೇಲೆ ಹತ್ತುತಾನೆ. ನಾನು ಬಲಪುಟಾನ ಆರು ಸಮ ಚೌಕ ಮಾಡ್ದೆ. ಮೊದಲನೇದು ಮೆಟ್ಟಿಲ ಮೇಲೆ ಬೂಟು. ಎರಡನೇದು ತಗ್ಗಾದ ಬಿಳೀ ಬಾಗಿಲು. ಮೂರನೇದರಲ್ಲಿ ಒಂದು ಕೀಲಿ, ಕೂರಲ್ಲ. ನಾಲ್ಕನೇದರಲ್ಲಿ ಇನ್ನೊಂದು, ಕೂರಲ್ಲ. ಐದನೇದರಲ್ಲಿ ಮೂರನೇ ಕೀಲಿ. ಆರನೇದು ಪೂರ್ತಿ ಕೀಲಿರಂಧ್ರ, ಕೀಲಿ ತಿರುಗಿದೆ ಅಷ್ಟೇ, ಒಂದೂ ಪದ ಇಲ್ಲ, ಸೌಂಡ್ ಎಫೆಕ್ಟ್ ಕೂಡ ಇಲ್ಲ. ಪುಟ ತಿರುಗಿಸಿದ್ರೆ ಎಡಪುಟ ಒಂದೇ ದೊಡ್ಡ ಪ್ಯಾನಲ್, ಮುಕ್ಕಾಲು ಪಾಲು ಗವ್ವೆನ್ನೋ ಕತ್ತಲು, ಮೇಲೆ ಒಂದು ಚಿಕ್ಕ ಕಿಟಕಿ, ಅದಕ್ಕೆ ಒಡ್ಡೊಡ್ಡಾಗಿ ಹೊಡೆದ ಮರದ ಪಟ್ಟಿ, ಅದರ ಸಂದೀಲಿ ಬರೋ ಬೆಳಕು ನೆಲಕ್ಕೆ ಬೀಳೋ ಮುಂಚೆ ಒಂದು ಮೂಲೆ ಹತ್ರ ಸ್ವಲ್ಪ ಬಾಗಿದೆ. ಮೂಲೇಲಿ ಏನಿದೆ ಅಂತ ಬಿಡಿಸಿಲ್ಲ. ಎದುರುಗಡೆ ಬಲಪುಟದಲ್ಲಿ ಆಗಲೇ ಮುದುಕ ಆಮಿ, ಐವತ್ತು ವರ್ಷ ಆದ್ಮೇಲೆ, ವರಾಂಡದಲ್ಲಿ ಕೂತು ಬೇರೆ ಕಡೆ ನೋಡ್ತಿದಾನೆ. ಕಥೇಲಿ ಲವ್‌ಕ್ರಾಫ್ಟ್ ಹೇಳೋದೂ ಅಷ್ಟೇ, ಆ ಕೋಣೇಲಿ ಅಲ್ಲಾಡೋದು ಏನೂ ಉಳೀಲಿಲ್ಲ ಅಂತ. ಆಮಿ ಅಲ್ಲಿ ಅವಳ ನರಳಾಟಕ್ಕೆ ಸಾವು ಕೊಟ್ಟಿದ್ದು ಕ್ರೌರ್ಯ ಅಲ್ಲ ದಯೆ, ಅದನ್ನ ರಕ್ತ ತೋರಿಸಿ ಹೇಳೋಕಾಗಲ್ಲ.

ಬಣ್ಣಾನ ಹೇಗೆ ಬಿಡಿಸೋದು ಅನ್ನೋದಕ್ಕೆ ದಾರಿ ಬೇರೆ ಬೇರೆ ಇದೆ. ಈ ಕಥೆಯ 2019ರ ಸಿನಿಮಾದಲ್ಲಿ ಮಜೆಂಟಾ (ಗುಲಾಬಿ ನೇರಳೆ ನಡುವಿನ ಬಣ್ಣ) ಬಳಸಿದಾರೆ, ಅದು ಯೋಚನೆ ಮಾಡಿ ಆರಿಸಿದ ಹಾಗಿದೆ, ಯಾಕಂದ್ರೆ ಮಜೆಂಟಾ ಕಾಮನಬಿಲ್ಲಲ್ಲಿ ಇಲ್ಲ, ಅದಕ್ಕೆ ತನ್ನದೇ ಅಂತ ಒಂದು ತರಂಗಾಂತರ ಇಲ್ಲ, ಕೆಂಪು ಮತ್ತು ನೀಲಿ ಒಟ್ಟಿಗೆ ಬಂದು ಹಸಿರು ಇಲ್ದೇ ಹೋದಾಗ ನಮ್ಮ ಮಿದುಳು ಕಟ್ಟಿಕೊಳ್ಳೋ ಬಣ್ಣ ಅದು. ಪ್ರಿಂಟಲ್ಲಿ ಮಜೆಂಟಾ ಒಂದೇ ಇಂಕಲ್ಲಿ ಬರತ್ತೆ, ಹಾಗಾಗಿ ಕಪ್ಪು ಜೊತೆ ಅದೊಂದೇ ಸೇರಿಸಿ ಎರಡು ಬಣ್ಣದಲ್ಲಿ ಮುಗಿಸ್ಬೋದು. ರೈಸೋ (ಒಂದೊಂದೇ ಇಂಕು ಒಂದರ ಮೇಲೊಂದು ಒತ್ತೋ) ಪ್ರಿಂಟಿಂಗ್ ಸಿಕ್ಕೋ ಊರಲ್ಲಿದ್ರೆ ಫ್ಲೋರೆಸೆಂಟ್ ಪಿಂಕ್ ಇಂಕು ಕೇಳಿ, ಅದನ್ನ ಸ್ಕ್ರೀನಲ್ಲಿ ನೋಡೋಕೇ ಆಗಲ್ಲ, ಕಾಗದದ ಮೇಲೆ ಮಾತ್ರ ಉರಿಯತ್ತೆ, ಈ ಕಥೆಗೆ ಹೇಳಿ ಮಾಡಿಸಿದ ಹಾಗೆ. ಒಂದು ಷರತ್ತು, ಆ ಇಂಕು ಬೇರೆ ಯಾವುದಕ್ಕೂ ಬಳಸಬಾರದು, ಕೆನ್ನೆಗೆ, ಸೂರ್ಯಾಸ್ತಕ್ಕೆ, ಟೈಟಲ್‌ಗೆ ಕೂಡ ಇಲ್ಲ.

ನಾನು ಹಿಡಿದ ದಾರಿ ಬೇರೆ, ಬರೀ ಕಪ್ಪು ಬಿಳುಪು. ಇಡೀ ಕಾಮಿಕ್ಸ್‌ನಲ್ಲಿ ನೆರಳಿನ ಗೆರೆ ಎಲ್ಲ ಒಂದೇ ಓರೆಯಲ್ಲಿ ಎಳೀತೀನಿ, ಬಲದಿಂದ ಎಡಕ್ಕೆ ಇಳಿಯೋ ಥರ, ಮನುಷ್ಯರಿಗೂ ಮನೆಗೂ ಮೋಡಕ್ಕೂ. ಉಲ್ಕೆ ಬಿದ್ದ ಮೇಲೆ ಒಂದು ಸೇಬಿನ ಮರದ ಒಂದೇ ಒಂದು ಎಲೇಲಿ ಗೆರೆ ತಿರುಗಿಸ್ತೀನಿ, ಎಡದಿಂದ ಬಲಕ್ಕೆ. ಯಾರೂ ಗಮನಿಸಲ್ಲ, ಆದ್ರೆ ಕಣ್ಣಿಗೆ ಏನೋ ಒಂಥರಾ ಅನ್ಸತ್ತೆ. ಮುಂದಿನ ಪುಟದಲ್ಲಿ ಒಂದು ಕೊಂಬೆ, ಆಮೇಲೆ ಹಸುವಿನ ಬೆನ್ನು, ಆಮೇಲೆ ಮಗನ ಕತ್ತಿನ ಹಿಂದೆ ಒಂದು ರೂಪಾಯಿ ಅಗಲ. ಕೊನೇಲಿ ಆ ಬಣ್ಣ ಬಾವಿಯಿಂದ ಆಕಾಶಕ್ಕೆ ಏಳೋ ಹೊತ್ತಿಗೆ ಇಡೀ ಪುಟದ ಗೆರೆ ತಿರುಗಿರತ್ತೆ, ಆಮಿಯ ಬೆನ್ನೊಂದೇ ಹಳೇ ಓರೆಯಲ್ಲಿ. ಈ "ಒಂಥರಾ" ಅನ್ನೋ ಪದ ಇದೆಯಲ್ಲ, ವಿಯರ್ಡ್ ಅನ್ನೋದಕ್ಕೆ ನಮ್ಮಲ್ಲಿರೋ ಸರಿಯಾದ ಪದ ಅದೇ ಅಂತ ನನ್ನ ನಂಬಿಕೆ. ಇಂಥದ್ದು ಅಂತ ಹೇಳೋಕಾಗದೇ ಇದ್ದಾಗಲೇ ಅಲ್ವಾ ಒಂಥರಾ ಅನ್ನೋದು.

ಬೇರೆಯೋರು ಹೇಗೆ ಮಾಡಿದಾರೆ ಅಂತ ನೋಡೋದು ತುಂಬ ಮುಖ್ಯ, ಅದರಲ್ಲೂ ಒಂದೇ ಕಥೇನ ಇಬ್ಬರು ಮಾಡಿರೋದು. 'ಅಟ್ ದ ಮೌಂಟನ್ಸ್ ಆಫ್ ಮ್ಯಾಡ್ನೆಸ್' ತಗೊಳಿ, ಲವ್‌ಕ್ರಾಫ್ಟ್‌ನ ಅಂಟಾರ್ಕ್ಟಿಕಾದ ಕಥೆ. ಬ್ರಿಟನ್ನಿನ ಐ.ಎನ್.ಜೆ. ಕಲ್‌ಬಾರ್ಡ್ 2010ರಲ್ಲಿ ಮಾಡಿದ್ದರಲ್ಲಿ ಗೆರೆ ಶುದ್ಧ, ಬಣ್ಣ ಚಪ್ಪಟೆ, ಹಳೇ ಸಾಹಸ ಕಾಮಿಕ್ಸ್ ಓದಿದ ಹಾಗೆ ಹಾಯಾಗಿ ಹೋಗತ್ತೆ, ಆ ಹಾಯಾದ ಲೋಕದಲ್ಲೇ ಕೆಟ್ಟದ್ದು ನಡೆದಾಗ ಎದೆ ಧಸಕ್ ಅನ್ನತ್ತೆ. ಜಪಾನಿನ ಗೌ ತನಾಬೆಯ ಮಾಂಗಾ 2019ರಲ್ಲಿ ಇಂಗ್ಲಿಷಿಗೆ ಎರಡು ಸಂಪುಟ ಆಗಿ ಬಂತು, ಅದು ಪೂರ್ತಿ ಉಲ್ಟಾ, ಎರಡೆರಡು ಪುಟಕ್ಕೆ ಹರಡಿದ ಹಿಮ, ಬೆಟ್ಟ, ಕಲ್ಲಿನ ಊರು, ಮನುಷ್ಯ ಇರುವೆ ಥರ ಕಾಣ್ತಾನೆ. ತನಾಬೆ ಎಲ್ಲಾನೂ ತೋರಿಸ್ತಾನೆ, ನಾನು ಹೇಳ್ತಿರೋದಕ್ಕೆ ಪೂರ್ತಿ ವಿರುದ್ಧ, ಆದ್ರೂ ಕೆಲಸ ಮಾಡತ್ತೆ, ಯಾಕಂದ್ರೆ ಆತ ತೋರಿಸೋ ವಿವರ ಕಣ್ಣಿಗೆ ಹಿಡಿಸೋಕಾಗದಷ್ಟು ಜಾಸ್ತಿ. ಅಷ್ಟು ತಾಳ್ಮೆ, ಅಷ್ಟು ಕೈ ಇದ್ದೋರು ಆ ದಾರಿ ಹಿಡೀಬೋದು.

ನನಗೆ ಗುರು ಅನ್ಸೋದು ಆಲ್ಬರ್ತೊ ಬ್ರೆಚ್ಚಿಯಾ. ಉರುಗ್ವೆಯಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಬೆಳೆದೋನು, 1970ರ ದಶಕದಲ್ಲಿ ಲವ್‌ಕ್ರಾಫ್ಟ್ ಕಥೆಗಳ ಒಂದು ಸರಣಿ ಮಾಡಿದ. ಆತ ದೈತ್ಯನ್ನ ಪೆನ್ನಲ್ಲಿ ಬಿಡಿಸೋದನ್ನೇ ಬಿಟ್ಟು ಕಾಗದ ಹರಿದು ಅಂಟಿಸಿದ, ಇಂಕು ಒತ್ತಿ ತೆಗೆದು ಕಲೆ ಮಾಡಿದ. ಮೈ ಎಲ್ಲಿ ಮುಗೀತು, ಕತ್ತಲು ಎಲ್ಲಿ ಶುರು ಆಯ್ತು ಅಂತ ಗೊತ್ತಾಗಲ್ಲ, ನೋಡೋನೇ ಕಣ್ಣು, ಬಾಯಿ ಹುಡುಕಿಕೋಬೇಕು. ಇದನ್ನ ಮನೇಲಿ ಮಾಡಿ ನೋಡ್ಬೋದು: ಒಂದು ಗಾಜಿನ ಮೇಲೆ ಕಪ್ಪು ಇಂಕು ಸವರಿ, ಹಾಳೆ ಒತ್ತಿ, ಎತ್ತಿ, ಒಣಗಿದ ಮೇಲೆ ಬ್ಲೇಡಿನ ತುದೀಲಿ ಸ್ವಲ್ಪ ಸ್ವಲ್ಪ ಕೆರೀರಿ. ಹತ್ತು ಹಾಳೆ ಮಾಡಿದ್ರೆ ಒಂದರಲ್ಲಿ ನಿಮಗೆ ಬೇಕಾಗಿದ್ದು ಸಿಗತ್ತೆ.

ಲವ್‌ಕ್ರಾಫ್ಟ್‌ನ 'ಕೂಲ್ ಏರ್' ಕಥೇನೂ ಹೀಗೇ ಹೋಲಿಸಿ ನೋಡಿ, ಯಾವಾಗ್ಲೂ ಚಳಿಯಾಗಿಟ್ಟ ಕೋಣೇಲಿ ಇರೋ ಒಬ್ಬ ಡಾಕ್ಟರ್ ಕಥೆ. ಅಮೆರಿಕದ ಇಸಿ ಕಾಮಿಕ್ಸ್ ಕಂಪನಿಯೋರು 1951ರಲ್ಲಿ ಲವ್‌ಕ್ರಾಫ್ಟ್ ಹೆಸರು ಹೇಳದೇನೇ ಬಳಸ್ಕೊಂಡ್ರು, ಬರ್ನಿ ರೈಟ್‌ಸನ್ 1975ರಲ್ಲಿ ಈರಿ ಅನ್ನೋ ಹಾರರ್ ಕಾಮಿಕ್ಸ್ ಪತ್ರಿಕೆಗೆ ಮಾಡಿದ. ನಡುವೆ 1954ರಲ್ಲಿ ಕಾಮಿಕ್ಸ್ ಕೋಡ್ (ಕಾಮಿಕ್ಸ್ ಪ್ರಕಾಶಕರೇ ಹಾಕ್ಕೊಂಡ ಸೆನ್ಸಾರ್ ನಿಯಮ) ಬಂದು ಹಾರರ್ ಕಾಮಿಕ್ಸ್ ಉಸಿರು ಕಟ್ತು, ಈರಿ ಥರದ್ದು ಮ್ಯಾಗಝಿನ್ ಸೈಜಲ್ಲಿ ಕಪ್ಪು ಬಿಳುಪಲ್ಲಿ ಬಂದು ಅದರಿಂದ ತಪ್ಪಿಸ್ಕೊಂಡಿತು. ರೈಟ್‌ಸನ್ ಬ್ರಷ್ ಕೆಲಸ ನೋಡಿದ್ರೆ ಆ ಕೋಣೆಯ ಚಳಿ ಕೈಗೆ ತಾಗತ್ತೆ.

ಕನ್ನಡದಲ್ಲಿ ಅಕ್ಷರ ಹಾಕೋ ವಿಷಯ ಯಾರೂ ಹೇಳಿಕೊಡಲ್ಲ ಅದಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲಾ ಕ್ಯಾಪಿಟಲ್, ಕೆಳಗೆ ಏನೂ ನೇತಾಡಲ್ಲ. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯತ್ತೆ, "ರಾಷ್ಟ್ರ" ಅಂತ ಬರೆದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೀತದೆ, ಹಾಗಾಗಿ ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ. ಪದಗಳು ಉದ್ದ, ಅದಕ್ಕೆ ಬಲೂನು ಅಗಲವಾಗಿರಲಿ, ಪದ ಮುರಿದು ಮುಂದಿನ ಸಾಲಿಗೆ ಹಾಕೋದಕ್ಕಿಂತ ಬೇರೆ ಪದ ಹುಡುಕೋದು ವಾಸಿ. ಹಳೇ ಫೋಟೋಶಾಪಲ್ಲಿ ವರ್ಲ್ಡ್ ರೆಡಿ ಲೇಔಟ್ ಅನ್ನೋ ಸೆಟ್ಟಿಂಗ್ ಆನ್ ಮಾಡದಿದ್ರೆ ಒತ್ತಕ್ಷರ ಬಿಡಿಬಿಡಿ ಆಗಿ ಬರತ್ತೆ, ಇಂಕ್‌ಸ್ಕೇಪಲ್ಲಿ ಆ ತೊಂದರೆ ಇಲ್ಲ. ಮಾತಿಗೆ ಬಾಲೂ ತಮ್ಮ ಫಾಂಟ್ ಚೆನ್ನಾಗಿದೆ, ದುಂಡಗೆ, ಆದ್ರೆ ಹಾರರ್‌ಗೆ ಅದು ಸ್ವಲ್ಪ ಮುದ್ದು ಜಾಸ್ತಿ, ಕೈಯಲ್ಲೇ ಬರೆಯೋದಕ್ಕೆ ಸಮ ಯಾವುದೂ ಇಲ್ಲ.

ಪಾತ್ರಗಳ ಮಾತು ಯಾವ ಕನ್ನಡ ಅನ್ನೋದು ಇನ್ನೊಂದು ಪ್ರಶ್ನೆ. ನೇಹಮ್, ಆಮಿ ಹಳ್ಳಿಯೋರು, ಮೂಲದಲ್ಲಿ ನ್ಯೂ ಇಂಗ್ಲೆಂಡ್ ಹಳ್ಳಿ ಇಂಗ್ಲಿಷ್ ಮಾತಾಡ್ತಾರೆ. ಅದಕ್ಕೆ ಮಂಡ್ಯದ್ದೋ ಧಾರವಾಡದ್ದೋ ಮಾತು ಕೊಟ್ರೆ ಅವರು ಅಲ್ಲಿಯೋರೇ ಆಗ್ಬಿಡ್ತಾರೆ, ಹಿಂದಗಡೆ ಓಕ್ ಮರ, ಹಿಮ, ಎರಡೂ ಜಗಳ ಆಡತ್ತೆ. ನಾನು ಸರ್ವೇಯರ್ ಕ್ಯಾಪ್ಶನ್‌ಗಳನ್ನ ಪುಸ್ತಕದ ಕನ್ನಡದಲ್ಲಿ ಇಟ್ಟು, ಹಳ್ಳಿಯೋರಿಗೆ ಯಾವ ಜಿಲ್ಲೇದೂ ಅಲ್ಲದ ಚಿಕ್ಕ ಚಿಕ್ಕ ತುಂಡು ಮಾತು ಕೊಟ್ಟೆ. ನೇಹಮ್ ಸಾಯೋವಾಗ ಹೇಳೋದು ಹೀಗೆ ಬಂತು: "ಏನಿಲ್ಲ... ಏನಿಲ್ಲ... ಬಣ್ಣ... ಸುಡತ್ತೆ... ತಣ್ಣಗಿದೆ, ಒದ್ದೆ, ಆದ್ರೂ ಸುಡತ್ತೆ..." ಸದ್ದಿನ ವಿಷಯದಲ್ಲಿ ಮಾತ್ರ ನಾವು ಶ್ರೀಮಂತರು, ಸರಸರ, ಕಿರ್ರ್, ತೊಟತೊಟ, ಗುಂಯ್, ಬುಳಬುಳ, ಬಾವಿಯೊಳಗಿಂದ ಬರೋದಕ್ಕೆ "ಬುಳಕ್" ಅಂತ ಒಂದೇ ಒಂದ್ಸಲ ಹಾಕಿ ಸಾಕು.

ಲವ್‌ಕ್ರಾಫ್ಟ್ ಜನಾಂಗದ್ವೇಷಿ ಆಗಿದ್ದ, ಅದನ್ನ ಮುಚ್ಚಿಡೋದು ಬೇಡ. ಗದ್ಯದಲ್ಲಿ ಕಣ್ಣು ತಪ್ಪಿಸಿ ಹೋಗೋ ಸಾಲು ಚಿತ್ರ ಆದಾಗ ಒಂದು ಮುಖ ಆಗತ್ತೆ, 'ದ ಕಾಲ್ ಆಫ್ ಕತುಲು'ನಲ್ಲಿ ಆತ ಕೀಳಾಗಿ ಬಣ್ಣಿಸಿದ ಜನರನ್ನ ಹಾಗೇ ಬಿಡಿಸಿದ್ರೆ ಆ ದ್ವೇಷ ನಮ್ಮ ಕೈಯಿಂದಾನೇ ಬಂತು ಅಂತ ಅರ್ಥ. ಅದು ಇಲ್ದೇನೂ ಕಥೆ ನಿಲ್ಲತ್ತೆ, ತೆಗೀರಿ.

ಪ್ರಿಂಟಿಗೆ ಕೊಡೋವಾಗ ಗೆರೆ ಚಿತ್ರಾನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ನಡುವಿನ ಬೈಂಡಿಂಗ್ ಕಡೆ ಜಾಗ ಬಿಡಿ, ನನ್ನ ಮೊದಲನೇ ಪುಸ್ತಕದಲ್ಲಿ ಅಟ್ಟದ ಆ ಕಿಟಕಿ ಅರ್ಧ ಬೈಂಡಿಂಗ್ ಒಳಗೆ ನುಂಗಿ ಹೋಯ್ತು, ಕಪ್ಪೆಲ್ಲ ಬೂದು ಆಗಿ ಬಂದಿತ್ತು, ಮೂವತ್ತು ಕಾಪಿ, ತಿಂಗಳುಗಟ್ಟಲೆ ಕೆಲಸ, ತುಂಬ ಬೇಜಾರಾಯ್ತು. ಅವತ್ತಿಂದ ಪೂರ್ತಿ ಕಪ್ಪು ಇರೋ ಒಂದು ಪುಟ ಮೊದಲು ಪ್ರೂಫ್ ತೆಗೆಸಿ ಕಿಟಕಿ ಬೆಳಕಲ್ಲಿ ನೋಡ್ದೇ ಮುಂದೆ ಹೋಗಲ್ಲ.

ಮುಗಿದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತ್ಕೊಳಿ, ಹೇಗಿದೆ ಅಂತ ಕೇಳ್ಬೇಡಿ, ಅವರ ಕೈ ನೋಡಿ. ಎಲ್ಲಿ ಪುಟ ಹಿಂದಕ್ಕೆ ತಿರುಗಿಸ್ತಾರೋ ಅಲ್ಲಿ ಒಂದೋ ಅರ್ಥ ಆಗಿಲ್ಲ, ಇಲ್ಲಾ ಏನೋ ಕಂಡಿದೆ. ನನ್ನ ಅಕ್ಕ ಸೇಬಿನ ಎಲೆ ಇರೋ ಪುಟಕ್ಕೆ ಎರಡು ಸಲ ವಾಪಸ್ ಹೋದಳು, ಯಾಕೆ ಅಂತ ಅವಳಿಗೇ ಹೇಳೋಕಾಗ್ಲಿಲ್ಲ.

ಕೊನೇ ಪ್ಯಾನಲ್ ಬಗ್ಗೆ ಒಂದು ಮಾತು. ತುಂಬ ಜನ ಆ ಬೆಳಕಿನ ಕಂಬ ಆಕಾಶಕ್ಕೆ ಹೋಗೋದರಲ್ಲಿ ಮುಗಿಸ್ತಾರೆ, ನೋಡೋಕೆ ಭರ್ಜರಿ ಅಂತ. ಆದ್ರೆ ಕಥೇಲಿ ಅದರ ಒಂದು ಚೂರು ವಾಪಸ್ ಬಾವಿಗೆ ಬೀಳತ್ತೆ, ಆ ಜಾಗ ಮುಳುಗಿಸಿ ಜಲಾಶಯ ಕಟ್ತಾರೆ, ಸರ್ವೇಯರ್ ಆ ಊರಿನ ನೀರು ಕುಡಿಯಲ್ಲ ಅಂತಾನೆ. ನಾನು ಅದಕ್ಕೆ ಒಂದು ಊಟದ ಮೇಜು, ಅದರ ಮೇಲೆ ಯಾರೋ ತಂದಿಟ್ಟ ಒಂದು ಲೋಟ ನೀರು ಬಿಡಿಸಿದೀನಿ, ಮೇಜು, ಗೋಡೆ, ಲೋಟದ ಅಂಚು ಎಲ್ಲಾ ಬಲದಿಂದ ಎಡಕ್ಕೆ, ನೀರಿನ ಗೆರೆ ಮಾತ್ರ ಎಡದಿಂದ ಬಲಕ್ಕೆ.